ಕಣ್ಣು ಬೇಕು, ಆದರೆ ಭ್ರೂಣದ ಬೆಲೆಗೆ ಬೇಡ



ಕಳೆದ ತಿಂಗಳು ಭಾನುವಾರದ ಪೂಜೆ ಮುಗಿದ ಮೇಲೆ ನಮ್ಮ ಯುವಕೂಟದ ಸಭೆಯಲ್ಲಿ ಜೀವರಕ್ಷಣೆಯ ಬಗ್ಗೆ ಚರ್ಚೆ ಇತ್ತು. ಗರ್ಭಪಾತ, ಐವಿಎಫ್, ಸ್ಟೆಮ್ ಸೆಲ್ ಎಲ್ಲವೂ ಒಂದೇ ಗಂಟೆಯಲ್ಲಿ ಬಂದು ಹೋದವು. ಭ್ರೂಣದಿಂದ ತೆಗೆದ ಕಾಂಡಕೋಶಗಳಿಂದ ಕಣ್ಣು ಸರಿಮಾಡುವುದನ್ನು ಧರ್ಮಸಭೆ ಒಪ್ಪುವುದಿಲ್ಲ ಎಂದು ನಾವು ಹೇಳಿದೆವು. ಮುಂದಿನ ವಿಷಯಕ್ಕೆ ಹೋಗುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು: "ಹಾಗಾದರೆ ನಾನು ಹೀಗೇ ಇರಬೇಕಾ?"

ಕೇಳಿದವನು ನಮ್ಮ ಗೆಳೆಯ. ಅವನಿಗೆ ಸ್ಟಾರ್‌ಗಾರ್ಟ್ ಎಂಬ ಕಾಯಿಲೆ. ಹೈಸ್ಕೂಲಿನಲ್ಲಿ ಬೋರ್ಡು ಮಸುಕಾಗಲು ಶುರುವಾಯಿತು. ಈಗ ನೋಟದ ನಡುಭಾಗ ಹೋಗಿದೆ, ಅಂಚು ಮಾತ್ರ ಉಳಿದಿದೆ. ಎದುರು ನಿಂತವರ ಮುಖ ಅವನಿಗೆ ಕಾಣುವುದಿಲ್ಲ, ಪಕ್ಕದ ಗೋಡೆ ಕಾಣುತ್ತದೆ. ಮೊದಲು ಪೂಜೆಯಲ್ಲಿ ಮೊದಲ ವಾಚನ ಓದುತ್ತಿದ್ದವನು ಅವನೇ.

ಅವನ ಪ್ರಶ್ನೆಗೆ ಆ ದಿನ ನಮ್ಮಲ್ಲಿ ಉತ್ತರ ಇರಲಿಲ್ಲ. ಯಾರೋ ಒಬ್ಬರು "ಎಲ್ಲ ದೇವರ ಚಿತ್ತ" ಅಂದರು. ಅವನು ಚಹಾ ಕುಡಿಯದೆ ಹೊರಟುಹೋದ. ಈ ಬರಹ ಅವನಿಗೆ ನಾವು ಕೊಡಬೇಕಾಗಿದ್ದ ಉತ್ತರ. ಇಂಗ್ಲಿಷಿನಲ್ಲಿ, ಮಲಯಾಳದಲ್ಲಿ ಈ ವಿಷಯದ ಮೆಸೇಜುಗಳು ನಮ್ಮ ಮೊಬೈಲಿಗೆ ಬರುತ್ತಲೇ ಇರುತ್ತವೆ. ಗಡಿನಾಡಿನ ನಾವು ಓದಿ ಬೆಳೆದ ಕನ್ನಡದಲ್ಲಿ ಒಂದೂ ಸಿಗಲಿಲ್ಲ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತಿದ್ದೇವೆ.

ಮೊದಲು ಸತ್ಯ ಹೇಳೋಣ

ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಅಂದರೆ ಅಕ್ಷಿಪಟಲ ಇದೆ. ಬೆಳಕನ್ನು ಹಿಡಿಯುವ ಕೋಶಗಳು ಅಲ್ಲಿವೆ. ಅವುಗಳ ಕೆಳಗೆ ಒಂದೇ ಒಂದು ಕೋಶದಷ್ಟು ದಪ್ಪದ, ಕಪ್ಪು ಬಣ್ಣದ ಒಂದು ಪದರ ಇದೆ. ಅದರ ಹೆಸರು ಆರ್‌ಪಿಇ. ಮೇಲಿನ ಕೋಶಗಳಿಗೆ ಆಹಾರ ಕೊಡುವುದು, ಅವುಗಳ ಕಸ ತೆಗೆಯುವುದು ಅದರ ಕೆಲಸ. ಆ ಪದರ ಸತ್ತರೆ ಮೇಲಿನ ಕೋಶಗಳೂ ಸಾಯುತ್ತವೆ. ವಯಸ್ಸಾದವರಲ್ಲಿ ಮ್ಯಾಕ್ಯುಲಾ ಸವೆಯುವುದು, ನಮ್ಮ ಗೆಳೆಯನ ಕಾಯಿಲೆ, ಎರಡರಲ್ಲೂ ಈ ಪದರ ಹಾಳಾಗುತ್ತದೆ. ನೇತ್ರದಾನದಲ್ಲಿ ಬದಲಾಯಿಸುವುದು ಕಣ್ಣಿನ ಮುಂದಿನ ಗಾಜಿನಂಥ ಕಾರ್ನಿಯಾವನ್ನು. ರೆಟಿನಾವನ್ನು ಹಾಗೆ ತೆಗೆದು ಇನ್ನೊಬ್ಬರಿಗೆ ಹಾಕಲು ಬರುವುದಿಲ್ಲ.

1998ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಥಾಮ್ಸನ್ ಮಾನವ ಭ್ರೂಣದಿಂದ ಕಾಂಡಕೋಶಗಳನ್ನು ಬೇರ್ಪಡಿಸಿ ಬೆಳೆಸಿದರು. ಐದಾರು ದಿನದ ಭ್ರೂಣದ ಒಳಗಿನ ಕೋಶಗಳ ಗುಂಪನ್ನು ತೆಗೆದು ತಟ್ಟೆಯಲ್ಲಿ ಬೆಳೆಸುತ್ತಾರೆ. ಅವು ದೇಹದ ಯಾವ ಕೋಶ ಬೇಕಾದರೂ ಆಗಬಲ್ಲವು, ಆರ್‌ಪಿಇ ಕೂಡ. ಆದರೆ ಒಳಗಿನ ಕೋಶ ತೆಗೆದಾಗ ಭ್ರೂಣ ಉಳಿಯುವುದಿಲ್ಲ.

ಇದು ಕೆಲಸ ಮಾಡುತ್ತದೆಯೇ? ನಮ್ಮ ಕಡೆಯವರು ಹರಡುವ ಒಂದು ಮೆಸೇಜು "ಭ್ರೂಣದ ಕೋಶದಿಂದ ಇವತ್ತಿನವರೆಗೆ ಒಬ್ಬರಿಗೂ ಗುಣವಾಗಿಲ್ಲ" ಎನ್ನುತ್ತದೆ. ಅದು ಸುಳ್ಳು. ಅಮೆರಿಕದಲ್ಲಿ ಸ್ಟಾರ್‌ಗಾರ್ಟ್ ಇರುವ 9 ಜನ, ಮ್ಯಾಕ್ಯುಲಾ ಸವೆದ 9 ಜನ, ಒಟ್ಟು 18 ಜನರ ಒಂದೊಂದು ಕಣ್ಣಿಗೆ ಇಂಥ ಕೋಶಗಳನ್ನು ಹಾಕಿದರು. 2014ರಲ್ಲಿ ಬಂದ ವರದಿಯ ಪ್ರಕಾರ 10 ಕಣ್ಣುಗಳಲ್ಲಿ ನೋಟ ಸುಧಾರಿಸಿತ್ತು. ಲಂಡನ್ನಿನ ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆಯಲ್ಲಿ ಮ್ಯಾಕ್ಯುಲಾ ಕಾಯಿಲೆಯಿಂದ ದಿಢೀರನೆ ನೋಟ ಕಳೆದುಕೊಂಡ ಇಬ್ಬರು ಹಿರಿಯರಿಗೆ 6 ಮಿಲಿಮೀಟರ್ ಉದ್ದ, 3 ಮಿಲಿಮೀಟರ್ ಅಗಲದ ಒಂದು ತೇಪೆಯನ್ನು ರೆಟಿನಾದ ಕೆಳಗೆ ಇಟ್ಟರು. 2018ರಲ್ಲಿ ಪ್ರಕಟವಾದ ವರದಿಯಲ್ಲಿ ಇಬ್ಬರೂ ಮತ್ತೆ ಓದುವಷ್ಟು ಚೇತರಿಸಿಕೊಂಡಿದ್ದರು.

ಇವು ಸಣ್ಣ ಪ್ರಯೋಗಗಳು. ಮೊದಲ ಗುರಿ ಸುರಕ್ಷತೆ ನೋಡುವುದಾಗಿತ್ತು. ಆದರೂ ಇವನ್ನು ಮುಚ್ಚಿಟ್ಟು ವಾದ ಮಾಡುವುದು ನಮಗೆ ಶೋಭೆಯಲ್ಲ. ಒಂದು ಕೆಲಸ ಫಲ ಕೊಡುವುದಿಲ್ಲ ಎಂಬ ಕಾರಣಕ್ಕೆ ಮಾತ್ರ ನಾವು ಅದನ್ನು ವಿರೋಧಿಸುತ್ತಿದ್ದರೆ, ಫಲ ಕೊಟ್ಟ ದಿನ ನಮ್ಮ ವಿರೋಧ ಮುಗಿಯುತ್ತದೆ. ನಮ್ಮ ವಿರೋಧಕ್ಕೆ ಬೇರೆ ಕಾರಣ ಇದೆ.

ಐದನೇ ದಿನ ಅಲ್ಲಿ ಏನಿದೆ?

ಬಿಎಸ್ಸಿಯಲ್ಲಿ ಪ್ರಾಣಿಶಾಸ್ತ್ರ ಓದಿದವರಿಗೆ ಕೋಳಿ ಭ್ರೂಣದ ಸ್ಲೈಡುಗಳು ನೆನಪಿರುತ್ತವೆ. 24 ಗಂಟೆ, 33 ಗಂಟೆ, 48 ಗಂಟೆ ಎಂದು ಸಾಲಾಗಿ ಇಟ್ಟಿರುತ್ತಾರೆ. 33 ಗಂಟೆಯ ಸ್ಲೈಡಿನಲ್ಲಿ ತಲೆಯ ಎರಡೂ ಬದಿಗೆ ಎರಡು ಉಬ್ಬು ಕಾಣುತ್ತವೆ. ಅವೇ ಮುಂದೆ ಕಣ್ಣಾಗುವವು. ಪರೀಕ್ಷೆಯಲ್ಲಿ ಚಿತ್ರ ಬರೆದು ಹೆಸರು ಗುರುತಿಸಿ ಅಂಕ ಪಡೆದೆವು. ಮನುಷ್ಯ ಭ್ರೂಣದಲ್ಲಿ ಕಣ್ಣಿನ ಮೊದಲ ಗುರುತು ಸುಮಾರು 22ನೇ ದಿನ ಮೂಡುತ್ತದೆ. ಐದನೇ ದಿನ ಕಣ್ಣಿಲ್ಲ, ಮಿದುಳಿಲ್ಲ, ನೋವು ತಿಳಿಯುವ ನರವೂ ಇಲ್ಲ. ಇದನ್ನೂ ನಾವು ಒಪ್ಪಿಕೊಳ್ಳಬೇಕು. ಕಿರುಚುವ ಮಗುವಿನ ಚಿತ್ರ ಹಾಕಿ ಪೋಸ್ಟರ್ ಮಾಡುವುದು ಮೋಸ.

ಹಾಗಾದರೆ ಅಲ್ಲಿ ಇರುವುದು ಏನು? ತಂದೆಯದೂ ಅಲ್ಲದ, ತಾಯಿಯದೂ ಅಲ್ಲದ, ತನ್ನದೇ ಆದ ವಂಶವಾಹಿಗಳಿರುವ, ತನ್ನನ್ನು ತಾನೇ ಕಟ್ಟಿಕೊಳ್ಳುತ್ತಿರುವ ಒಂದು ಮಾನವ ಜೀವ. ನಮ್ಮಲ್ಲಿ ಪ್ರತಿಯೊಬ್ಬರೂ ಒಂದು ದಿನ ಅಷ್ಟೇ ಆಗಿದ್ದೆವು, ನಮ್ಮ ಗೆಳೆಯನೂ ಸೇರಿ. ಚರ್ಮದ ಒಂದು ಕೋಶ ಗೆಳೆಯನಾಗಿರಲಿಲ್ಲ, ಆಗುತ್ತಲೂ ಇರಲಿಲ್ಲ. ಆ ಭ್ರೂಣ ಬೆಳೆದೇ ಅವನಾದದ್ದು. ಅಲ್ಲಿಂದ ಇಲ್ಲಿಯವರೆಗೆ ಎಲ್ಲೂ ಒಬ್ಬನು ಹೋಗಿ ಇನ್ನೊಬ್ಬನು ಬಂದಿಲ್ಲ.

"ಒಂದು ದಿನಕ್ಕೆ ಗೆರೆ ಎಳೆದರಾಯಿತು" ಎನ್ನುವವರಿದ್ದಾರೆ. ಬ್ರಿಟನ್ನಿನ ವಾರ್ನಾಕ್ ಸಮಿತಿ 1984ರಲ್ಲಿ 14 ದಿನದ ಗೆರೆ ಎಳೆಯಿತು. ಅದರಾಚೆಗೆ ಭ್ರೂಣವನ್ನು ಪ್ರಯೋಗಾಲಯದಲ್ಲಿ ಬೆಳೆಸಬಾರದು ಎಂಬ ನಿಯಮ ಹಲವು ದೇಶಗಳಲ್ಲಿ ಬಂತು. ಅಷ್ಟು ದಿನ ಬೆಳೆಸಲು ಬರುತ್ತಿರಲಿಲ್ಲವಾದ್ದರಿಂದ ಗೆರೆ ಭದ್ರವಾಗಿತ್ತು. ಬೆಳೆಸಲು ಬರುತ್ತದೆ ಎಂದು ಗೊತ್ತಾದ ಮೇಲೆ, 2021ರಲ್ಲಿ ಅಂತಾರಾಷ್ಟ್ರೀಯ ಕಾಂಡಕೋಶ ಸಂಶೋಧಕರ ಸಂಘವೇ ಅದನ್ನು ನಿಷೇಧದ ಪಟ್ಟಿಯಿಂದ ತೆಗೆಯಿತು. ತೋಟದ ಬೇಲಿಯನ್ನು ವರ್ಷ ವರ್ಷ ಸ್ವಲ್ಪ ಆಚೆ ಹಾಕುವವರನ್ನು ನಾವು ಊರಿನಲ್ಲಿ ನೋಡಿದ್ದೇವೆ. ಬೇಲಿ ಹಾಕುವವನಿಗೇ ಲಾಭ ಇದ್ದಾಗ ಬೇಲಿ ಒಂದು ಕಡೆ ನಿಲ್ಲುವುದಿಲ್ಲ.

"ಹೆಚ್ಚಾಗಿ ಉಳಿದದ್ದಲ್ಲವೇ?"

ಎಲ್ಲರೂ ಕೇಳುವ ಪ್ರಶ್ನೆ ಇದು. ಐವಿಎಫ್ ಕೇಂದ್ರಗಳಲ್ಲಿ ಉಳಿದ ಭ್ರೂಣಗಳು ಹೇಗೂ ಹಾಳಾಗುತ್ತವೆ, ಅದರ ಬದಲು ಒಬ್ಬರಿಗೆ ಕಣ್ಣಾದರೂ ಬರಲಿ ಎಂಬ ವಾದ. ಇದು ದೂರದ ದೇಶದ ಮಾತಲ್ಲ. ನಮ್ಮ ದೇಶದ 2021ರ ಎಆರ್‌ಟಿ ಕಾಯ್ದೆಯಲ್ಲಿ ಭ್ರೂಣವನ್ನು 10 ವರ್ಷದವರೆಗೆ ಇಟ್ಟುಕೊಳ್ಳಬಹುದು ಎಂದಿದೆ. ಆಮೇಲೆ ಅದನ್ನು ನಾಶವಾಗಲು ಬಿಡಬೇಕು, ಇಲ್ಲವೇ ದಂಪತಿಯ ಒಪ್ಪಿಗೆಯಿಂದ ಸಂಶೋಧನೆಗೆ ಕೊಡಬೇಕು.

ಮದುವೆ ಮನೆಯಲ್ಲಿ ಅನ್ನ ಹೆಚ್ಚಾಗುತ್ತದೆ, ಪಂದಿಗೆಯ ಬಳಿ ಕುರ್ಚಿ ಹೆಚ್ಚಾಗುತ್ತದೆ. ಮನುಷ್ಯ ಹೆಚ್ಚಾದ ಎಂದು ನಾವು ಯಾರ ಬಗ್ಗೆಯೂ ಹೇಳುವುದಿಲ್ಲ. ಯಾರೋ ಬೇಕೆಂದೇ ಅಗತ್ಯಕ್ಕಿಂತ ಹೆಚ್ಚು ಮಾಡಿದರು. ಆಮೇಲೆ "ಹೆಚ್ಚಾಗಿದೆ, ಏನು ಮಾಡುವುದು" ಎಂದು ಕೈಚೆಲ್ಲಿದರು. ಮಾಡಿದವರು ಉತ್ತರ ಹೇಳಬೇಕಾದ ಪ್ರಶ್ನೆಯನ್ನು ಕಣ್ಣಿಲ್ಲದವನ ಮುಂದೆ ತಂದು ಇಡುವುದು ಯಾವ ನ್ಯಾಯ? ಸಾಯಲಿರುವವನ ಅಂಗವನ್ನು, ಹೇಗೂ ಸಾಯುತ್ತಾನೆ ಎಂದು ಉಸಿರಿರುವಾಗಲೇ ಕೀಳಲು ಯಾವ ಡಾಕ್ಟರೂ ಒಪ್ಪುವುದಿಲ್ಲ.

ಇನ್ನು ಕೆಲವರು ಹೇಳುತ್ತಾರೆ, ಗರ್ಭದಲ್ಲೇ ಎಷ್ಟೋ ಭ್ರೂಣಗಳು ತಾವಾಗಿಯೇ ನಿಲ್ಲದೆ ಹೋಗುತ್ತವಲ್ಲ ಎಂದು. ಹೌದು, ಹೋಗುತ್ತವೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಜನ ಸಾಯುತ್ತಾರೆ. ಅದು ಯಾರಿಗೂ ಗುಡ್ಡ ಕೆಡವುವ ಹಕ್ಕು ಕೊಡುವುದಿಲ್ಲ.

ಒಂದು ಮಾತು ಇಲ್ಲೇ ಸ್ಪಷ್ಟವಾಗಲಿ. ಐವಿಎಫ್‌ನಿಂದ ಹುಟ್ಟಿದ ಮಕ್ಕಳು ನಮ್ಮೆಲ್ಲರಷ್ಟೇ ದೇವರ ಮಕ್ಕಳು. ಮಕ್ಕಳಿಲ್ಲದ ದಂಪತಿಗಳಿಗೆ ಪ್ರತಿ ಹಬ್ಬದಲ್ಲೂ "ಏನಾದರೂ ವಿಶೇಷ ಉಂಟಾ?" ಎಂದು ಕೇಳಿ ಕೇಳಿ ಅಲ್ಲಿಗೆ ಅಟ್ಟಿದವರಲ್ಲಿ ನಾವೂ ಇದ್ದೇವೆ.

ಬೇರೆ ದಾರಿ ಇಲ್ಲವೇ?

ಇದೆ. ಜಪಾನಿನ ವಿಜ್ಞಾನಿ ಶಿನ್ಯಾ ಯಮನಾಕ ಒಮ್ಮೆ ಸ್ನೇಹಿತನ ಚಿಕಿತ್ಸಾಲಯದಲ್ಲಿ ಸೂಕ್ಷ್ಮದರ್ಶಕದಲ್ಲಿ ಭ್ರೂಣವೊಂದನ್ನು ನೋಡಿದರಂತೆ. ಇದಕ್ಕೂ ತನ್ನ ಹೆಣ್ಣುಮಕ್ಕಳಿಗೂ ಎಷ್ಟು ಕಡಿಮೆ ಅಂತರ ಎಂದು ಅವರಿಗೆ ಅನ್ನಿಸಿತಂತೆ. ಬೇರೆ ದಾರಿ ಇರಲೇಬೇಕು ಎಂದು ಹುಡುಕಿದರು. 2006ರಲ್ಲಿ ಇಲಿಯ ಕೋಶದಲ್ಲಿ, 2007ರಲ್ಲಿ ಮನುಷ್ಯನ ಚರ್ಮದ ಕೋಶದಲ್ಲಿ ನಾಲ್ಕು ಜೀನ್‌ಗಳನ್ನು ಸೇರಿಸಿ, ಅದು ಭ್ರೂಣದ ಕಾಂಡಕೋಶದಂತೆಯೇ ಆಗುವ ಹಾಗೆ ಮಾಡಿದರು. ಅದರ ಹೆಸರು ಐಪಿಎಸ್ ಕೋಶ. 2012ರಲ್ಲಿ ಅವರಿಗೆ ನೊಬೆಲ್ ಬಂತು. ಅವರು ನಮ್ಮ ಪಕ್ಷದ ವಕೀಲರಲ್ಲ, ಭ್ರೂಣ ಸಂಶೋಧನೆಯನ್ನು ಪೂರ್ತಿ ತಿರಸ್ಕರಿಸಿದವರೂ ಅಲ್ಲ. ಆದರೆ ಮನಸ್ಸಿಗೆ ಚುಚ್ಚಿದ್ದನ್ನು ಅಲ್ಲಿಗೇ ಬಿಡಲಿಲ್ಲ. ಆ ಚುಚ್ಚುವಿಕೆಯೇ ವಿಜ್ಞಾನಕ್ಕೆ ಹೊಸ ಬಾಗಿಲು ತೆರೆಯಿತು. ಧರ್ಮದ ತಕರಾರು ಸಂಶೋಧನೆಯನ್ನು ನಿಲ್ಲಿಸುತ್ತದೆ ಎನ್ನುವವರು ಇದನ್ನು ಗಮನಿಸಲಿ.

2014ರಲ್ಲಿ ಕೋಬೆ ನಗರದಲ್ಲಿ ಮಸಾಯೊ ತಕಹಾಶಿ ಅವರ ತಂಡ 70 ದಾಟಿದ ಮಹಿಳೆಯೊಬ್ಬರ ಚರ್ಮದಿಂದಲೇ ಆರ್‌ಪಿಇ ಪದರ ಬೆಳೆಸಿ ಅವರ ಕಣ್ಣಿಗೆ ಹಾಕಿತು. ಇಲ್ಲೂ ಸತ್ಯ ಹೇಳಬೇಕು: ಒಂದು ವರ್ಷದ ನಂತರ ಅವರ ನೋಟ ಹೆಚ್ಚಲಿಲ್ಲ, ಕೆಡಲೂ ಇಲ್ಲ. ಎರಡನೇ ರೋಗಿಯ ಕೋಶಗಳಲ್ಲಿ ಜೀನ್ ಬದಲಾವಣೆ ಕಂಡದ್ದರಿಂದ ಪ್ರಯೋಗ ನಿಲ್ಲಿಸಿ, 2017ರಲ್ಲಿ ದಾನಿಗಳ ಐಪಿಎಸ್ ಕೋಶಗಳಿಂದ ಮತ್ತೆ ಶುರುಮಾಡಿದರು. ದಾರಿ ನಿಧಾನ, ಆದರೆ ನಿಂತಿಲ್ಲ. ನಮ್ಮ ಪಕ್ಕದ ಬೆಂಗಳೂರಿನಲ್ಲೇ ಐಸ್ಟೆಮ್ ಎಂಬ ಸಂಸ್ಥೆ ಐಪಿಎಸ್ ಕೋಶಗಳಿಂದ ಆರ್‌ಪಿಇ ತಯಾರಿಸಿ ಮ್ಯಾಕ್ಯುಲಾ ಸವೆದವರ ಮೇಲೆ ಪ್ರಯೋಗದ ಹಂತಕ್ಕೆ ಬಂದಿದೆ.

ಕಣ್ಣಿನ ಮುಂಭಾಗದ ವಿಷಯದಲ್ಲಿ ನಮ್ಮ ದೇಶ ಇನ್ನೂ ಮುಂದೆ ಹೋಗಿದೆ. ಎಲೆಅಡಿಕೆಯ ಸುಣ್ಣ ಮಕ್ಕಳ ಕಣ್ಣಿಗೆ ಹಾರಿ ಕಾರ್ನಿಯಾ ಸುಟ್ಟುಹೋಗುವುದು ನಮ್ಮ ಕಡೆ ಹೊಸದಲ್ಲ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯ ವೈದ್ಯರು, ಸುಟ್ಟ ಕಣ್ಣಿಗೆ ಅದೇ ರೋಗಿಯ ಇನ್ನೊಂದು ಕಣ್ಣಿನ ಅಂಚಿನಿಂದ ಚಿಕ್ಕ ಚೂರು ತೆಗೆದು ಕಾಂಡಕೋಶ ಬೆಳೆಯುವಂತೆ ಮಾಡುವ ಸರಳ ವಿಧಾನವನ್ನು 2012ರಲ್ಲಿ ಪ್ರಕಟಿಸಿದರು. ಇದರಲ್ಲಿ ಯಾರ ಜೀವವೂ ಹೋಗಿಲ್ಲ. 2008ರಲ್ಲಿ ವ್ಯಾಟಿಕನ್ ಹೊರಡಿಸಿದ 'ಡಿಗ್ನಿತಾಸ್ ಪೆರ್ಸೋನೆ' ದಾಖಲೆ ಇಂಥದ್ದನ್ನೇ ಒಪ್ಪಿದೆ: ದೊಡ್ಡವರ ದೇಹದ ಕೋಶ, ಹುಟ್ಟುವಾಗಿನ ಹೊಕ್ಕುಳಬಳ್ಳಿಯ ರಕ್ತ, ಇವಕ್ಕೆ ಅಡ್ಡಿಯಿಲ್ಲ. "ಧರ್ಮಸಭೆ ಸ್ಟೆಮ್ ಸೆಲ್ ವಿರೋಧಿ" ಎನ್ನುವವರಿಗೆ ಇಷ್ಟು ಹೇಳಿದರೆ ಸಾಕು.

"ಲಸಿಕೆ ಹಾಕಿಸಿಕೊಂಡಿರಲ್ಲ?"

ಕಾಲೇಜಿನ ಗೆಳೆಯರು ಈ ಪ್ರಶ್ನೆ ಹಾಕಿದಾಗ ನಮ್ಮಲ್ಲಿ ಹಲವರು ತಬ್ಬಿಬ್ಬಾಗುತ್ತಾರೆ. ಕೋವಿಶೀಲ್ಡ್ ತಯಾರಿಸಲು ಬಳಸಿದ ಕೋಶಗಳ ಮೂಲ 1970ರ ದಶಕದ ಒಂದು ಭ್ರೂಣ ಎಂಬುದು ನಿಜ. 2020ರ ಡಿಸೆಂಬರಿನಲ್ಲಿ ವ್ಯಾಟಿಕನ್, ಬೇರೆ ಲಸಿಕೆ ಸಿಗದಾಗ ಇದನ್ನು ತೆಗೆದುಕೊಳ್ಳಬಹುದು, ಆದರೆ ಕಳಂಕವಿಲ್ಲದ ಲಸಿಕೆ ಮಾಡಿ ಎಂದು ಒತ್ತಾಯಿಸಬೇಕು ಎಂದಿತು. ಮೊದಲ ಭಾಗವನ್ನು ನಾವೆಲ್ಲ ಪಾಲಿಸಿದೆವು. ಎರಡನೆಯದನ್ನು ಎಷ್ಟು ಜನ ಪಾಲಿಸಿದೆವು? ಈ ಟೀಕೆ ನಮಗೆ ತಗಲುತ್ತದೆ, ತಗಲಲಿ.

ಆದರೂ ವ್ಯತ್ಯಾಸವಿದೆ. ಲಸಿಕೆಯಲ್ಲಿ ಆ ಕೋಶ ಒಂದು ಉಪಕರಣ, ಅದನ್ನು ಯಾರಿಗೂ ಹಾಕುವುದಿಲ್ಲ. ಎದುರಿಗೆ ಊರೂರನ್ನೇ ಕೊಲ್ಲುತ್ತಿದ್ದ ಸೋಂಕು ಇತ್ತು. ಇಲ್ಲಿ ಭ್ರೂಣದಿಂದ ಬಂದ ಕೋಶವೇ ಮದ್ದು. ಇದು ಮಾರುಕಟ್ಟೆಗೆ ಬಂದರೆ ಇನ್ನಷ್ಟು ತಳಿ, ಇನ್ನಷ್ಟು ಭ್ರೂಣ ಎಂಬ ಬೇಡಿಕೆ ಮುಗಿಯುವುದಿಲ್ಲ.

ನಾಳೆ ಹತ್ತಿರದ ಆಸ್ಪತ್ರೆಯಲ್ಲಿ ಇದೊಂದೇ ಚಿಕಿತ್ಸೆ ಸಿಕ್ಕಿ ನಮ್ಮ ಗೆಳೆಯ ಅದನ್ನು ತೆಗೆದುಕೊಂಡರೆ? ನಾವು ಬೇಡ ಎನ್ನುತ್ತೇವೆ, ಧರ್ಮಗುರುಗಳ ಬಳಿ ಕೂತು ಮಾತಾಡು ಎನ್ನುತ್ತೇವೆ. ಆದರೆ ಅವನ ಮೇಲೆ ಕಲ್ಲೆತ್ತುವವರ ಜೊತೆ ನಾವಿಲ್ಲ. ನಮ್ಮ ಜಗಳ ಆ ವ್ಯವಸ್ಥೆಯೊಂದಿಗೆ, ಕತ್ತಲಲ್ಲಿ ಕೈಚಾಚಿದವನೊಂದಿಗೆ ಅಲ್ಲ.

ನಮ್ಮೊಳಗಿನ ತಪ್ಪು

ಈಗ ಕಹಿ ಮಾತು. ಭ್ರೂಣದ್ದಲ್ಲದ ಕೋಶ ಎಂದ ಕೂಡಲೇ ಎಲ್ಲವೂ ಪವಿತ್ರವಾಗುವುದಿಲ್ಲ. 2017ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾದ ಘಟನೆ ನೋಡಿ. ಅಮೆರಿಕದ ಫ್ಲಾರಿಡಾದಲ್ಲಿ ಮೂವರು ಮಹಿಳೆಯರ ಹೊಟ್ಟೆಯ ಕೊಬ್ಬಿನಿಂದ ಕೋಶ ತೆಗೆದು ಎರಡೂ ಕಣ್ಣಿಗೆ ಒಂದೇ ದಿನ ಚುಚ್ಚಿದರು. ಒಬ್ಬೊಬ್ಬರಿಂದ 5,000 ಡಾಲರ್ ಪಡೆದರು. ಮೂವರೂ ಇದ್ದ ನೋಟವನ್ನೂ ಕಳೆದುಕೊಂಡರು.

ನಮ್ಮ ಗೆಳೆಯನ ಮನೆಯವರೂ ದೊಡ್ಡ ಊರಿನ ಇಂಥದ್ದೇ ಒಂದು ಕ್ಲಿನಿಕ್ಕಿಗೆ ಮುಂಗಡ ಕಟ್ಟಿದ್ದರು ಎಂದು ನಮಗೆ ಆಮೇಲೆ ಗೊತ್ತಾಯಿತು. ಅಡಿಕೆ ಮಾರಿದ ಹಣ. ಇಂಜೆಕ್ಷನ್ ಆಗುವ ಮೊದಲು ಮಂಗಳೂರಿನ ವೈದ್ಯರೊಬ್ಬರು ತಡೆದದ್ದರಿಂದ ಕಣ್ಣು ಉಳಿಯಿತು, ಹಣ ಹಿಂದೆ ಬರಲಿಲ್ಲ. ಅವರು ಯಾಕೆ ನಮ್ಮಲ್ಲಿ ಕೇಳಲಿಲ್ಲ? ಕೇಳಿದ್ದರೆ "ಪ್ರಾರ್ಥನೆ ಮಾಡಿ" ಎಂದು ಹೇಳಿ ಕಳುಹಿಸುತ್ತಿದ್ದೆವು, ಅದು ಅವರಿಗೆ ಗೊತ್ತಿತ್ತು.

ಯೇಸುಸ್ವಾಮಿ ಯೆರಿಕೋವಿನ ದಾರಿಯಲ್ಲಿ ಕುರುಡ ಬಾರ್ತಿಮಾಯನಿಗೆ ಮೊದಲು ಉಪದೇಶ ಮಾಡಲಿಲ್ಲ. ಏನು ಬೇಕು ಎಂದು ಕೇಳಿದರು. ಅವನನ್ನು ಸುಮ್ಮನಿರಿಸಲು ಹೋದದ್ದು ಸುತ್ತಲಿನ ಭಕ್ತರ ಗುಂಪು. ಆ ಭಾನುವಾರ ನಾವು ನಿಂತದ್ದು ಆ ಗುಂಪಿನಲ್ಲಿ. ಹುಟ್ಟುಕುರುಡನ ಕಥೆಯಲ್ಲಿ ಯಾರ ಪಾಪದಿಂದ ಹೀಗಾಯಿತು ಎಂಬ ಪ್ರಶ್ನೆಯನ್ನೇ ಪ್ರಭು ತಳ್ಳಿಹಾಕಿದ್ದಾರೆ. ಹಾಗಿರುವಾಗ "ದೇವರ ಚಿತ್ತ" ಎಂದು ಬಾಯಿ ಮುಚ್ಚಿಸಲು ನಾವು ಯಾರು?

ಭ್ರೂಣದ ಪರವಾಗಿ ಮಾತಾಡಲು ಖರ್ಚಿಲ್ಲ. ಅದು ಎದುರು ಮಾತಾಡುವುದಿಲ್ಲ, ಬಸ್ ಸ್ಟ್ಯಾಂಡಿಗೆ ಕೈಹಿಡಿದು ಕರೆದೊಯ್ಯಿ ಎನ್ನುವುದಿಲ್ಲ. ಕಣ್ಣಿಲ್ಲದ ಗೆಳೆಯ ಕೇಳುತ್ತಾನೆ. ಒಂದು ಚಿಕಿತ್ಸೆಯನ್ನು ಬೇಡ ಎಂದವರು, ಆ ಚಿಕಿತ್ಸೆ ಇಲ್ಲದೆ ಬದುಕುವವನ ಭಾರದಲ್ಲಿ ಪಾಲು ಹೊರಬೇಕು. ಇಲ್ಲವಾದರೆ ನಮ್ಮ ಬೇಡಕ್ಕೆ ಬೆಲೆಯಿಲ್ಲ.

ಆದ್ದರಿಂದ ನಮ್ಮ ಯುವಕೂಟ ಇಷ್ಟು ಮಾಡಲು ಹೊರಟಿದೆ, ನೀವೂ ಸೇರಿ.

ಒಂದು: ಸ್ಟೆಮ್ ಸೆಲ್ ಬಗ್ಗೆ ಬರುವ ಯಾವ ಮೆಸೇಜನ್ನೂ ಪರಿಶೀಲಿಸದೆ ಮುಂದೆ ಕಳುಹಿಸುವುದಿಲ್ಲ, ಅದು ನಮ್ಮ ಪರವಾಗಿದ್ದರೂ ಸರಿ.

ಎರಡು: ಯಾವ ಮನೆಯವರೇ ಆಗಲಿ ಇಂಥ ಚಿಕಿತ್ಸೆಗೆ ಹೋಗುವ ಮೊದಲು ನಮಗೆ ಹೇಳಿ, ಜೊತೆಗೆ ಬರುತ್ತೇವೆ. ಐಸಿಎಂಆರ್ ಪ್ರಕಾರ ರಕ್ತದ ಕೆಲವು ಕಾಯಿಲೆಗಳನ್ನು ಬಿಟ್ಟರೆ ಕಾಂಡಕೋಶ ಚಿಕಿತ್ಸೆ ಇನ್ನೂ ಪ್ರಯೋಗವೇ. ಪ್ರಯೋಗವಾದರೆ ಅದು ಸಿಟಿಆರ್‌ಐಯಲ್ಲಿ ನೋಂದಣಿ ಆಗಿರಬೇಕು, ರೋಗಿಯಿಂದ ಹಣ ಕೇಳಬಾರದು. ಲಕ್ಷ ಕೇಳಿದರೆ ಎದ್ದು ಬನ್ನಿ. ಕೋಶ ಎಲ್ಲಿಂದ ಬಂತು ಎಂದೂ ಕೇಳಿ. ಕೇಳುವುದು ನಿಮ್ಮ ಹಕ್ಕು.

ಮೂರು: ಡಿಸೆಂಬರ್ 13 ಕಣ್ಣುಗಳ ಪಾಲಕಿ ಸಂತ ಲೂಸಿಯ ಹಬ್ಬ. ಆ ವಾರ ಪ್ರತಿ ವಾಳೆಯ ಗುರಿಕಾರರ ಬಳಿ ನೇತ್ರದಾನದ ಫಾರಂ ಇರುತ್ತದೆ. ಅದು ನಮ್ಮ ಗೆಳೆಯನ ರೆಟಿನಾ ಸರಿಮಾಡದು, ಆದರೆ ಕಾರ್ನಿಯಾಕ್ಕಾಗಿ ಕಾಯುವವರಿಗೆ ಬೆಳಕು. ಮರಣವಾಗಿ ಆರು ಗಂಟೆಯೊಳಗೆ ತೆಗೆಯಬೇಕಾದ್ದರಿಂದ ಮನೆಯವರಿಗೂ ಹೇಳಿಟ್ಟಿರಬೇಕು. ಭ್ರೂಣದ ಕೋಶ ಬೇಡ ಎನ್ನುವವರ ಮೊದಲ ಸಹಿ ಅಲ್ಲಿರಲಿ.

ನಾಲ್ಕು: ನಮ್ಮ ಗೆಳೆಯನ ಮನೆಗೆ ಹೋಗಿ ಕ್ಷಮೆ ಕೇಳಿದೆವು. ಅವನು ನಮ್ಮ ವಾದವನ್ನು ಪೂರ್ತಿ ಒಪ್ಪಿದ್ದಾನೆ ಎಂದು ಹೇಳಲಾರೆವು. "ನೋಡುವ" ಅಂದ, ಆಮೇಲೆ ತನ್ನ ಮಾತಿಗೆ ತಾನೇ ನಕ್ಕ. ಈಗ ನಮ್ಮಲ್ಲಿ ನಾಲ್ವರು ಸರದಿಯಂತೆ ವಾಚನವನ್ನು ಫೋನಿನಲ್ಲಿ ಓದಿ ರೆಕಾರ್ಡ್ ಮಾಡಿ ಕಳುಹಿಸುತ್ತೇವೆ. ಅವನು ಕೇಳಿ ಬಾಯಿಪಾಠ ಮಾಡುತ್ತಾನೆ. ಬರುವ ಭಾನುವಾರದ ಮೊದಲ ವಾಚನ ಅವನದು. ಬೇಗ ಬನ್ನಿ.

ನಿಮ್ಮ ಯುವಕೂಟದ ಪರವಾಗಿ